ಗ್ರಾಫ್ ಹಾಳೆಯ ಗೆರೆಯೂ ಇನ್ಫೋಸಿಸ್ ಷೇರಿನ ಚರಿತ್ರೆಯೂ



ನಮ್ಮ ಹಿರೇಗುಂಟನೂರಿನ ಸುತ್ತಮುತ್ತಲ ಹಳ್ಳಿಗಳ ಯುವಕರ ಮೊಬೈಲಿನಲ್ಲಿ ಈಚೆಗೆ ಒಂದು ಹೊಸ ಚಿತ್ರ ಕಾಣಿಸುತ್ತಿದೆ. ಹಸಿರು, ಕೆಂಪು ಬಣ್ಣದ ಸಣ್ಣ ಕಡ್ಡಿಗಳು ಸಾಲಾಗಿ ನಿಂತು, ಒಮ್ಮೆ ಮೇಲೇರಿ ಒಮ್ಮೆ ಕೆಳಗಿಳಿಯುವ ಚಿತ್ರ. ಅದು ಷೇರಿನ ಬೆಲೆಯ ನಕ್ಷೆ. "ಸಾರ್, ಇಂಥ ಆಕಾರ ಮೂಡಿದರೆ ಐಟಿ ಕಂಪನಿಯ ಷೇರು ದೊಡ್ಡದಾಗಿ ಜಿಗಿಯುತ್ತದಂತೆ, ನಿಜವೇ?" ಎಂದು ನನ್ನನ್ನು ಕೇಳಿದ ಹಳೆಯ ವಿದ್ಯಾರ್ಥಿಗಳು ಒಬ್ಬಿಬ್ಬರಲ್ಲ. ಕೇಳಿದವರಲ್ಲಿ ಬೆಂಗಳೂರಿನ ತಂತ್ರಾಂಶ ಕಂಪನಿಗಳಲ್ಲಿ ದುಡಿಯುವವರೂ ಇದ್ದಾರೆ, ಈರುಳ್ಳಿ ಮಾರಿದ ಹಣವನ್ನು ಎಲ್ಲಿ ತೊಡಗಿಸಲಿ ಎಂದು ಯೋಚಿಸುವ ರೈತರ ಮಕ್ಕಳೂ ಇದ್ದಾರೆ. ಇಂಥ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂಬ ಒಂದು ಮಾತಿನ ಉತ್ತರ ಸಾಲದು. ಚರಿತ್ರೆಯನ್ನು ಸ್ವಲ್ಪ ತಿರುವಿ ನೋಡಿದರೆ ಉತ್ತರ ತಾನಾಗಿ ದೊರೆಯುತ್ತದೆ ಎಂಬ ನಂಬಿಕೆಯಿಂದ ಈ ಲೇಖನವನ್ನು ಬರೆಯುತ್ತಿದ್ದೇನೆ.

ನಕ್ಷೆ ಹುಟ್ಟಿದ ಬಗೆ

ಬೆಲೆಯ ಏರಿಳಿತವನ್ನು ನೋಡಿ ಮುಂದಿನದನ್ನು ಊಹಿಸುವ ವಿದ್ಯೆ ಕಂಪ್ಯೂಟರಿನೊಂದಿಗೆ ಹುಟ್ಟಿದ್ದಲ್ಲ. ಜಪಾನಿನ ಒಸಾಕಾ ನಗರದ ದೋಜಿಮಾ ಎಂಬಲ್ಲಿ ಅಕ್ಕಿಯ ವ್ಯಾಪಾರಕ್ಕೆ ಮೀಸಲಾದ ಪೇಟೆಯೊಂದಿತ್ತು. 1730ರಲ್ಲಿ ಅಲ್ಲಿನ ಆಳರಸರು ಅದಕ್ಕೆ ಅಧಿಕೃತ ಮಾನ್ಯತೆ ನೀಡಿದರು. ಉಗ್ರಾಣದಲ್ಲಿರುವ ಅಕ್ಕಿಯ ಚೀಟಿಗಳನ್ನಷ್ಟೇ ಅಲ್ಲದೆ, ಮುಂದೆ ಕೈಸೇರಬೇಕಾದ ಅಕ್ಕಿಯನ್ನೂ ಅಲ್ಲಿ ಇಂದಿನ ಬೆಲೆಗೆ ಮಾರಿ ಕೊಳ್ಳುತ್ತಿದ್ದರು. ಸಕಾಟಾ ಊರಿನ ಹೊನ್ಮಾ ಮುನೆಹಿಸಾ ಎಂಬ ಅಕ್ಕಿ ವರ್ತಕ ಆ ಕಾಲದಲ್ಲಿ ಬೆಲೆಯ ಚಲನೆಯನ್ನು ಗಮನಿಸುವುದರಲ್ಲಿ ನಿಪುಣನೆಂದು ಹೆಸರಾಗಿದ್ದನು. ಇಂದಿನ ಮೇಣದಬತ್ತಿ ನಕ್ಷೆಗೆ ಅವನೇ ಮೂಲಪುರುಷನೆಂಬ ಪ್ರತೀತಿಯಿದೆ. ಆ ನಕ್ಷೆಯ ಒಂದೊಂದು ಕಡ್ಡಿಯೂ ಒಂದು ದಿನದ ಕಥೆ. ಬತ್ತಿಯ ದಪ್ಪ ಭಾಗದ ಎರಡು ತುದಿಗಳು ಆ ದಿನದ ಆರಂಭದ ಮತ್ತು ಮುಕ್ತಾಯದ ಬೆಲೆಗಳು. ಮೇಲೆ ಕೆಳಗೆ ಚಾಚಿದ ಸಣ್ಣ ಗೆರೆಗಳು ಆ ದಿನ ಮುಟ್ಟಿದ ಅತಿ ಹೆಚ್ಚಿನ ಮತ್ತು ಅತಿ ಕಡಿಮೆಯ ಬೆಲೆಗಳು. ಈ ಪದ್ಧತಿ ಪಾಶ್ಚಾತ್ಯರಲ್ಲಿ ಜನಪ್ರಿಯವಾದದ್ದು 1991ರಲ್ಲಿ ಸ್ಟೀವ್ ನಿಸನ್ ಎಂಬುವರು ಅದರ ಬಗ್ಗೆ ಗ್ರಂಥ ಬರೆದ ಮೇಲೆ.

ಅಮೆರಿಕದಲ್ಲಿ ಈ ಚಿಂತನೆ ಬೇರೆಯಾಗಿಯೇ ಬೆಳೆಯಿತು. ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆಯ ಸ್ಥಾಪಕರಲ್ಲೊಬ್ಬರಾದ ಚಾರ್ಲ್ಸ್ ಡೌ 1896ರ ಮೇ 26ರಂದು 12 ಕಂಪನಿಗಳ ಬೆಲೆಯನ್ನು ಕೂಡಿಸಿ ಒಂದು ಸೂಚ್ಯಂಕವನ್ನು ಪ್ರಕಟಿಸಿದರು. ಪೇಟೆಯ ಚಲನೆಯನ್ನು ಸಮುದ್ರಕ್ಕೆ ಹೋಲಿಸಿದ ಅವರ ವಿಚಾರ ಸುಂದರವಾದುದು. ದೊಡ್ಡ ಭರತ ಬೇರೆ, ಅದರ ಮೇಲಿನ ಅಲೆ ಬೇರೆ, ಅಲೆಯ ಮೇಲಿನ ಸಣ್ಣ ತರಂಗ ಬೇರೆ. ಅವರ ನಂತರ ಪತ್ರಿಕೆಯ ಸಂಪಾದಕರಾದ ವಿಲಿಯಂ ಹ್ಯಾಮಿಲ್ಟನ್ ಇದೇ ತತ್ತ್ವವನ್ನು ಹಿಡಿದು 1929ರವರೆಗೆ ಭವಿಷ್ಯ ನುಡಿಯುವ ಸಂಪಾದಕೀಯಗಳನ್ನು ಬರೆದರು. 1948ರಲ್ಲಿ ರಾಬರ್ಟ್ ಎಡ್ವರ್ಡ್ಸ್ ಮತ್ತು ಜಾನ್ ಮ್ಯಾಗೀ ಎಂಬುವರು ನಕ್ಷೆಯ ಆಕಾರಗಳಿಗೆಲ್ಲ ಹೆಸರು, ಲಕ್ಷಣ, ಉದಾಹರಣೆಗಳನ್ನು ಕೊಟ್ಟು ದೊಡ್ಡ ಗ್ರಂಥವನ್ನೇ ರಚಿಸಿದರು. ನಡುವೆ ಎತ್ತರದ ತಲೆ, ಎರಡು ಬದಿಗೆ ತಗ್ಗಾದ ಭುಜಗಳಿರುವ ಆಕಾರ ಮೂಡಿದರೆ ಬೆಲೆ ಇಳಿಯುತ್ತದೆ. ಒಂದೇ ಎತ್ತರಕ್ಕೆ ಎರಡು ಸಲ ಏರಿ ಹಿಂದಿರುಗಿದರೆ ಅದು ಅಪಾಯದ ಸೂಚನೆ. ಬಹುಕಾಲ ತಡೆದು ನಿಲ್ಲಿಸಿದ ಮಟ್ಟವನ್ನು ಬೆಲೆ ದಾಟಿದರೆ ಮುಂದೆ ದೊಡ್ಡ ಏರಿಕೆ ಬರುತ್ತದೆ. ಇಂದು ಯುವಕರು ವಿಡಿಯೋಗಳಲ್ಲಿ ಕಲಿಯುತ್ತಿರುವ ಪಾಠಗಳ ಮೂಲ ಬಹುಮಟ್ಟಿಗೆ ಇಲ್ಲಿಯೇ ಇದೆ.

ಈ ವಿದ್ಯೆಯ ಅಡಿಗಲ್ಲಾಗಿ ಒಂದು ನಂಬಿಕೆಯುಂಟು: ಕಂಪನಿಯ ಬಗ್ಗೆ ತಿಳಿಯಬೇಕಾದದ್ದೆಲ್ಲವೂ ಬೆಲೆಯಲ್ಲಿ ಈಗಾಗಲೇ ಸೇರಿಹೋಗಿದೆ, ಆದ್ದರಿಂದ ಬೆಲೆಯ ಗೆರೆಯೊಂದನ್ನು ಓದಿದರೆ ಸಾಕು. ಈ ನಂಬಿಕೆಯನ್ನು ನಮ್ಮ ಕರ್ನಾಟಕದ ನೆಲದಲ್ಲೇ ನಡೆದ ಘಟನೆಗಳ ಒರೆಗಲ್ಲಿಗೆ ಉಜ್ಜಿ ನೋಡೋಣ.

ನಕ್ಷೆಯೇ ಇಲ್ಲದ ಷೇರು

ಇನ್ಫೋಸಿಸ್ ಕಂಪನಿ 1981ರಲ್ಲಿ ಪುಣೆಯಲ್ಲಿ ಆರಂಭವಾಗಿ 1983ರಲ್ಲಿ ಬೆಂಗಳೂರಿಗೆ ಬಂದಿತು. ಶ್ರೀಮತಿ ಸುಧಾ ಮೂರ್ತಿಯವರು ಕೊಟ್ಟ 10,000 ರೂಪಾಯಿ ಅದರ ಮೂಲಧನವೆಂಬುದು ನಿಮಗೆಲ್ಲ ತಿಳಿದ ಸಂಗತಿ. ಷೇರಿನ ಬೆಲೆಯನ್ನು ಕೇಂದ್ರ ಸರ್ಕಾರದ ಅಧಿಕಾರಿಯೇ ನಿರ್ಧರಿಸುತ್ತಿದ್ದ ಹಳೆಯ ಪದ್ಧತಿ 1992ರಲ್ಲಿ ರದ್ದಾಯಿತು. ಆ ನಂತರ, 1993ರ ಫೆಬ್ರವರಿಯಲ್ಲಿ ಇನ್ಫೋಸಿಸ್ ತನ್ನ ಷೇರುಗಳನ್ನು ತಲಾ 95 ರೂಪಾಯಿಯಂತೆ ಸಾರ್ವಜನಿಕರಿಗೆ ನೀಡಲು ಮುಂದಾಯಿತು. ಅದು ಹರ್ಷದ್ ಮೆಹ್ತಾ ಹಗರಣ ಬಯಲಾಗಿ ಒಂದು ವರ್ಷವೂ ತುಂಬದ ಕಾಲ. ತಂತ್ರಾಂಶವೆಂದರೆ ಏನೆಂದು ತಿಳಿದವರೂ ಆಗ ವಿರಳ. ಹೀಗಾಗಿ ಜನರು ಷೇರುಗಳನ್ನು ಪೂರ್ತಿಯಾಗಿ ಕೊಳ್ಳಲಿಲ್ಲ. ಅಮೆರಿಕದ ಮಾರ್ಗನ್ ಸ್ಟಾನ್ಲಿ ಸಂಸ್ಥೆ ಕಂಪನಿಯ ಸುಮಾರು ಶೇಕಡ 13ರಷ್ಟು ಪಾಲನ್ನು ಕೊಂಡು ಆ ನೀಡಿಕೆಯನ್ನು ಉಳಿಸಿತು. 1993ರ ಜೂನ್ ತಿಂಗಳಲ್ಲಿ ಷೇರು ಪೇಟೆಯಲ್ಲಿ ವಹಿವಾಟು ಆರಂಭವಾದಾಗ ಬೆಲೆ 145 ರೂಪಾಯಿ ಇದ್ದಿತು.

ಇನ್ನು ನಿಮ್ಮ ಗಣಿತದ ಪುಸ್ತಕವನ್ನು ತೆರೆಯಿರಿ. ಅಂದು 9,500 ರೂಪಾಯಿ ಕೊಟ್ಟು 100 ಷೇರು ಪಡೆದವರೊಬ್ಬರು ಅವನ್ನು ಮಾರದೆ ಇಟ್ಟುಕೊಂಡರೆಂದು ಭಾವಿಸೋಣ. 1994, 1997 ಮತ್ತು 1999ರಲ್ಲಿ ಕಂಪನಿ ಒಂದಕ್ಕೊಂದು ಬೋನಸ್ ಷೇರು ನೀಡಿತು. 100 ಷೇರು ಮೂರು ಸಲ ಇಮ್ಮಡಿಯಾಗಿ 800 ಆಯಿತು. 2000ದ ಆರಂಭದಲ್ಲಿ 10 ರೂಪಾಯಿ ಮುಖಬೆಲೆಯ ಷೇರನ್ನು 5 ರೂಪಾಯಿಯ ಎರಡಾಗಿ ಒಡೆದಾಗ 1,600. 2004ರಲ್ಲಿ ಒಂದಕ್ಕೆ ಮೂರು ಬೋನಸ್ ದೊರೆತು 6,400. 2006, 2014, 2015 ಮತ್ತು 2018ರಲ್ಲಿ ಮತ್ತೆ ಒಂದಕ್ಕೊಂದು ದೊರೆತು ಕೊನೆಗೆ 1,02,400. ಷೇರೊಂದಕ್ಕೆ ಬರೀ 1,000 ರೂಪಾಯಿ ಎಂದು ಲೆಕ್ಕ ಹಾಕಿದರೂ ಅದು 10 ಕೋಟಿ 24 ಲಕ್ಷ ರೂಪಾಯಿ! ಇದರಲ್ಲಿ ಲಾಭಾಂಶದ ಹಣ ಸೇರಿಲ್ಲ.

ಈ ಲೆಕ್ಕ ಎಲ್ಲರ ಬಾಯಲ್ಲೂ ಇದೆ. ಆದರೆ ಇದರಲ್ಲಿ ಅಡಗಿರುವ ಒಂದು ಸಂಗತಿಯನ್ನು ಗಮನಿಸುವವರು ಕಡಿಮೆ. ಕನ್ನಡ ನಾಡಿನ ತಂತ್ರಜ್ಞಾನ ಷೇರುಗಳ ಚರಿತ್ರೆಯಲ್ಲೇ ಹೆಸರಾದ ಈ ಮಹಾ ಏರಿಕೆಯ ಹೊಸ್ತಿಲಿನಲ್ಲಿ, 1993ರ ಫೆಬ್ರವರಿಯಲ್ಲಿ, ನೋಡಲು ಒಂದು ನಕ್ಷೆಯೂ ಇರಲಿಲ್ಲ. ವಹಿವಾಟೇ ಆಗದ ಷೇರಿಗೆ ಬೆಲೆಯ ಗೆರೆ ಎಲ್ಲಿಂದ ಬರಬೇಕು? ಆಗ ಇದ್ದದ್ದು ಕಂಪನಿಯ ಲೆಕ್ಕಪತ್ರ, ಅದನ್ನು ನಡೆಸುವವರ ಶೀಲ, ಅದು ಮಾಡುತ್ತಿದ್ದ ಕೆಲಸ ಇಷ್ಟೇ. ಅದನ್ನು ಓದಬಲ್ಲವರು ಕೊಂಡರು, ಉಳಿದವರು ಬಿಟ್ಟರು. ಅದೇ ದಶಕದಲ್ಲಿ ಷೇರು ನೀಡಿ ಹೇಳಹೆಸರಿಲ್ಲದಂತೆ ಮರೆಯಾದ ಕಂಪನಿಗಳೂ ಬಹಳವಿದ್ದವು ಎಂಬುದನ್ನೂ ಮರೆಯಬಾರದು. ಗೆದ್ದವರ ಲೆಕ್ಕವೊಂದನ್ನೇ ಕಲಿತರೆ ಪಾಠ ಅರ್ಧವಾಗುತ್ತದೆ.

ಬೋನಸ್ಸಿನ ವಿಚಾರದಲ್ಲಿ ಇನ್ನೊಂದು ಮಾತು. ಒಂದಕ್ಕೆ ಮೂರು ಬೋನಸ್ ನೀಡಿದ ದಿನ ಷೇರಿನ ಬೆಲೆ ಸಹಜವಾಗಿ ಕಾಲುಭಾಗಕ್ಕೆ ಬರುತ್ತದೆ. ಯಾರಿಗೂ ನಷ್ಟವಿಲ್ಲ, ಷೇರುಗಳ ಸಂಖ್ಯೆ ನಾಲ್ಕು ಪಟ್ಟಾಗಿರುತ್ತದೆ. ಆದರೆ ಹಳೆಯ ಬೆಲೆಗಳನ್ನು ಸರಿಹೊಂದಿಸದೆ ಬರೆದ ನಕ್ಷೆಯಲ್ಲಿ ಅದು ಬಂಡೆಯಿಂದ ಉರುಳಿದಂತೆ ಕಾಣುತ್ತದೆ. ಅದೇ ರೀತಿ, 100ರಿಂದ 200ಕ್ಕೆ ಏರುವುದೂ 1,000ದಿಂದ 1,100ಕ್ಕೆ ಏರುವುದೂ ಸಾಧಾರಣ ಗ್ರಾಫ್ ಹಾಳೆಯಲ್ಲಿ ಒಂದೇ ಎತ್ತರದ ಗೆರೆಗಳು. ಒಂದು ಇಮ್ಮಡಿ, ಇನ್ನೊಂದು ಶೇಕಡ 10 ಮಾತ್ರ! ಅಕ್ಷಗಳ ಮೇಲೆ ಏನಿದೆ, ಪ್ರಮಾಣ ಏನು ಎಂದು ನೋಡದೆ ನಕ್ಷೆಯನ್ನು ಓದಬಾರದೆಂದು ನಾನು ತರಗತಿಯಲ್ಲಿ ಹೇಳುತ್ತಿದ್ದುದು ಇಲ್ಲಿಯೂ ಸಲ್ಲುತ್ತದೆ.

2000ದ ಭರತ ಮತ್ತು ಇಳಿತ

1999ರ ಮಾರ್ಚಿನಲ್ಲಿ ಇನ್ಫೋಸಿಸ್ ಅಮೆರಿಕದ ನಾಸ್ಡಾಕ್ ಪೇಟೆಯನ್ನು ಪ್ರವೇಶಿಸಿತು. ಹಾಗೆ ಪ್ರವೇಶಿಸಿದ ಮೊದಲ ಭಾರತೀಯ ಕಂಪನಿ ಅದು. 2000ದ ಇಸವಿ ಬಂದಾಗ ಕಂಪ್ಯೂಟರುಗಳು ದಿನಾಂಕವನ್ನು ತಪ್ಪಾಗಿ ಓದುವುವೆಂಬ ಭಯದಿಂದ ನಮ್ಮ ತಂತ್ರಾಂಶ ಕಂಪನಿಗಳಿಗೆ ಕೈತುಂಬ ಕೆಲಸ ದೊರೆತಿತ್ತು. ಹೆಸರಿನಲ್ಲಿ ಸಾಫ್ಟ್‌ವೇರ್ ಎಂಬ ಪದವಿದ್ದರೆ ಸಾಕು, ಷೇರು ಏರುತ್ತಿತ್ತು. 2000ದ ಫೆಬ್ರವರಿಯಲ್ಲಿ ಸೆನ್ಸೆಕ್ಸ್ 6,000ದ ಗಡಿ ಮುಟ್ಟಿತು. ಅದೇ ತಿಂಗಳು ಬೆಂಗಳೂರಿನ ವಿಪ್ರೋ ಷೇರು ಶಿಖರಕ್ಕೇರಿ, ಅಜೀಂ ಪ್ರೇಮ್‌ಜಿಯವರ ಹೆಸರು ಜಗತ್ತಿನ ಅತಿ ಶ್ರೀಮಂತರ ಸಾಲಿನಲ್ಲಿ ಕೇಳಿಬಂತು. 2000ದ ಮಾರ್ಚ್ 10ರಂದು ನಾಸ್ಡಾಕ್ ಸೂಚ್ಯಂಕ 5,048ಕ್ಕೆ ತಲುಪಿತು.

ಆಮೇಲಿನದು ಇಳಿಜಾರು. 2002ರ ಅಕ್ಟೋಬರಿನ ಹೊತ್ತಿಗೆ ನಾಸ್ಡಾಕ್ 1,114ಕ್ಕೆ ಕುಸಿಯಿತು. ನೂರು ರೂಪಾಯಿಯಲ್ಲಿ ಉಳಿದದ್ದು 22 ರೂಪಾಯಿ. ಹಳೆಯ ಶಿಖರವನ್ನು ಮತ್ತೆ ದಾಟಲು ಅದಕ್ಕೆ 2015ರವರೆಗೆ ಕಾಲ ಬೇಕಾಯಿತು. ನಮ್ಮ ಸೆನ್ಸೆಕ್ಸ್ 2001ರ ಸೆಪ್ಟೆಂಬರಿನಲ್ಲಿ 2,600ರ ಆಸುಪಾಸಿಗೆ ಇಳಿಯಿತು.

ಇಲ್ಲಿ ನಕ್ಷೆ ಓದುವವರಿಗೆ ಸಲ್ಲಬೇಕಾದ ಗೌರವವನ್ನು ಸಲ್ಲಿಸಬೇಕು. ಈ ಕುಸಿತ ಎರಡೂವರೆ ವರ್ಷ ಹಬ್ಬಿಕೊಂಡಿತ್ತು. ಕಳೆದ 200 ದಿನಗಳ ಬೆಲೆಯ ಸರಾಸರಿಯನ್ನು ದಿನದಿನವೂ ಬರೆದುಕೊಂಡು, ಬೆಲೆ ಆ ಸರಾಸರಿಗಿಂತ ಕೆಳಗಿಳಿದರೆ ಮಾರಿಬಿಡುವೆನೆಂಬ ಸರಳ ನಿಯಮವನ್ನು ಪಾಲಿಸಿದವನು ಶಿಖರದಲ್ಲಿ ಮಾರುತ್ತಿರಲಿಲ್ಲ, ನಿಜ. ಆದರೆ ಪಾತಾಳದವರೆಗೂ ಜಾರುತ್ತಿರಲಿಲ್ಲ. ಡೌ ಹೇಳಿದ ದೊಡ್ಡ ಭರತ ಮತ್ತು ಇಳಿತ ನಿಧಾನವಾಗಿ ಬರುವಂಥದು. ನಿಧಾನವಾಗಿ ಬರುವುದನ್ನು ಗೆರೆ ತೋರಿಸಬಲ್ಲದು.

ಆದರೆ ಅದೇ ಕಾಲದ ಇನ್ನೊಂದು ಮುಖವನ್ನೂ ನೋಡಬೇಕು. ಮುಂಬಯಿಯ ದಲ್ಲಾಳಿ ಕೇತನ್ ಪಾರೇಖ್ ಹತ್ತು ಷೇರುಗಳನ್ನು ಆರಿಸಿಕೊಂಡಿದ್ದರು, ಅವುಗಳಲ್ಲಿ ಹೆಚ್ಚಿನವು ತಂತ್ರಜ್ಞಾನ ಮತ್ತು ಮಾಧ್ಯಮದವು. ಪೇಟೆಯಲ್ಲಿ ಅವಕ್ಕೆ ಕೆ-10 ಎಂದೇ ಹೆಸರು ಬಿದ್ದಿತ್ತು. ತಮ್ಮವರಲ್ಲೇ ಕೊಂಡು ಮಾರಿ ಬೆಲೆ ಏರಿಸುವ ಆಟ ಬಯಲಾಗಿ 2001ರ ಮಾರ್ಚಿನಲ್ಲಿ ಅವರ ಬಂಧನವಾಯಿತು. ಸೆಬಿ ಅವರನ್ನು 14 ವರ್ಷ ಪೇಟೆಯಿಂದ ಹೊರಗಿಟ್ಟಿತು. ಗುಜರಾತಿನ ಮಾಧವಪುರ ಮರ್ಕೆಂಟೈಲ್ ಸಹಕಾರಿ ಬ್ಯಾಂಕು ಇದೇ ಸುಳಿಯಲ್ಲಿ ಮುಳುಗಿ ಅದರ ಠೇವಣಿದಾರರು ಬೀದಿಗೆ ಬಿದ್ದರು. ಇಂಥ ಷೇರಿನ ನಕ್ಷೆ ನೋಡಲು ಎಷ್ಟು ಸುಂದರವಾಗಿದ್ದರೇನು? ಅದು ಪೇಟೆಯ ಮನಸ್ಸು ಬರೆದ ಗೆರೆಯಲ್ಲ, ಕೆಲವರು ಕೂತು ಬರೆಸಿದ ಗೆರೆ.

ಒಂದೇ ದಿನದ ದೊಡ್ಡ ಜಿಗಿತಗಳು

ಈಗ ವಿದ್ಯಾರ್ಥಿಗಳು ಕೇಳಿದ ಮುಖ್ಯ ಪ್ರಶ್ನೆಗೆ ಬರೋಣ. ತಂತ್ರಜ್ಞಾನ ಷೇರುಗಳ ದೊಡ್ಡ ಚಲನೆಗಳು ಯಾವಾಗ ಆದವು? ಇನ್ಫೋಸಿಸ್ಸಿನ ಕೆಲವು ದಿನಾಂಕಗಳನ್ನು ಬರೆದುಕೊಳ್ಳಿ.

2003ರ ಏಪ್ರಿಲ್ 10. ಮುಂದಿನ ವರ್ಷದ ಲಾಭದ ಬೆಳವಣಿಗೆ ಪೇಟೆಯ ನಿರೀಕ್ಷೆಗಿಂತ ಬಹಳ ಕಡಿಮೆಯಿರುವುದೆಂದು ಕಂಪನಿ ತಿಳಿಸಿತು. ಒಂದೇ ದಿನದಲ್ಲಿ ಷೇರಿನ ಬೆಲೆಯ ಕಾಲುಭಾಗಕ್ಕಿಂತ ಹೆಚ್ಚು ಕರಗಿತು.

2013ರ ಜನವರಿ 11. ವರ್ಷದ ಆದಾಯದ ಅಂದಾಜನ್ನು ಕಂಪನಿ ಏರಿಸಿತು. ಷೇರು ಸುಮಾರು ಶೇಕಡ 17ರಷ್ಟು ಜಿಗಿಯಿತು.

2013ರ ಏಪ್ರಿಲ್ 12. ಹೊಸ ವರ್ಷದ ಅಂದಾಜು ನಿರಾಶೆ ತಂದಿತು. ಷೇರು ಸುಮಾರು ಶೇಕಡ 21ರಷ್ಟು ಕುಸಿದು, ಜನವರಿಯಿಂದ ಗಳಿಸಿದ್ದು ಬಹುಪಾಲು ಕಳೆದುಹೋಯಿತು.

2019ರ ಅಕ್ಟೋಬರ್ 22. ಲೆಕ್ಕಪತ್ರಗಳ ಬಗ್ಗೆ ಅನಾಮಧೇಯ ದೂರು ಬಂದಿದೆಯೆಂಬ ಸುದ್ದಿ ಹರಡಿ ಷೇರು ಸುಮಾರು ಶೇಕಡ 16ರಷ್ಟು ಬಿದ್ದಿತು. ದೂರಿಗೆ ಆಧಾರವಿಲ್ಲವೆಂದು ಕಂಪನಿಯ ಲೆಕ್ಕಪರಿಶೋಧನಾ ಸಮಿತಿ 2020ರ ಜನವರಿಯಲ್ಲಿ ಪ್ರಕಟಿಸಿತು.

ನಾಲ್ಕರಲ್ಲಿ ಮೂರು ದಿನಗಳು ಫಲಿತಾಂಶ ಪ್ರಕಟವಾದ ದಿನಗಳು, ಒಂದು ದೂರಿನ ದಿನ. ಫಲಿತಾಂಶದ ದಿನಾಂಕ ಮುಂಚೆಯೇ ಎಲ್ಲರಿಗೂ ಗೊತ್ತಿತ್ತು. ಫಲಿತಾಂಶ ಏನೆಂಬುದು ಗೊತ್ತಿರಲಿಲ್ಲ. ಗೊತ್ತಿಲ್ಲದ ಸಂಗತಿ ಹಿಂದಿನ ದಿನದವರೆಗಿನ ಗೆರೆಯೊಳಗೆ ಸೇರಿರುವುದು ಹೇಗೆ ಸಾಧ್ಯ? 2013ರ ಉದಾಹರಣೆ ವಿಶೇಷವಾಗಿ ಬೋಧಪ್ರದ. ಜನವರಿಯ ಜಿಗಿತವನ್ನು ನೋಡಿ, ತಡೆ ಮಟ್ಟ ಮುರಿಯಿತು, ಇನ್ನು ಏರಿಕೆಯೇ ಗತಿ ಎಂದು ನಕ್ಷೆಯ ನಿಯಮದಂತೆ ಕೊಂಡವನಿಗೆ ಮೂರೇ ತಿಂಗಳಲ್ಲಿ ಏನಾಯಿತೆಂದು ನೋಡಿದಿರಲ್ಲವೇ? 200 ದಿನಗಳ ಸರಾಸರಿ ಹೇಳಿಕೊಡುವ ಎಚ್ಚರಿಕೆಗೆ ಇಲ್ಲಿ ಸಮಯವೇ ಇರಲಿಲ್ಲ. ಬೆಳಿಗ್ಗೆ ಪೇಟೆ ತೆರೆದಾಗಲೇ ಬೆಲೆ ಕೆಳಗಿತ್ತು.

ಹೊರದೇಶದ ಕಥೆಯೂ ಇದೇ. ಫೇಸ್‌ಬುಕ್ಕಿನ ಒಡೆಯನಾದ ಮೆಟಾ ಕಂಪನಿಯ ಷೇರು ಫಲಿತಾಂಶದ ಮರುದಿನ, 2022ರ ಫೆಬ್ರವರಿ 3ರಂದು, ಸುಮಾರು ಶೇಕಡ 26ರಷ್ಟು ಬಿದ್ದಿತು. ಎನ್ವಿಡಿಯಾ 2023ರ ಮೇ 25ರಂದು ಶೇಕಡ 24ರಷ್ಟು ಏರಿದ್ದು ಫಲಿತಾಂಶದಿಂದ. ಅದೇ ಎನ್ವಿಡಿಯಾ 2025ರ ಜನವರಿ 27ರಂದು ಶೇಕಡ 17ರಷ್ಟು ಇಳಿದದ್ದು ಚೀನಾದ ಡೀಪ್‌ಸೀಕ್ ಎಂಬ ಹೊಸ ಕೃತಕ ಬುದ್ಧಿಮತ್ತೆಯ ಸುದ್ದಿಯಿಂದ.

ಹೈದರಾಬಾದಿನ ಸತ್ಯಂ ಕಂಪನಿಯದು ಇನ್ನೂ ಕಠಿಣ ಪಾಠ. ಲೆಕ್ಕಪುಸ್ತಕದಲ್ಲಿ ವರ್ಷಗಟ್ಟಲೆ ಸುಳ್ಳು ಬರೆದಿದ್ದೇವೆಂದು ಅದರ ಅಧ್ಯಕ್ಷ ರಾಮಲಿಂಗ ರಾಜು 2009ರ ಜನವರಿ 7ರಂದು ಪತ್ರ ಬರೆದು ಒಪ್ಪಿಕೊಂಡರು. ಆ ದಿನ ಷೇರು ಶೇಕಡ 78ರಷ್ಟು ಬಿದ್ದಿತು. ನ್ಯಾಯವಾಗಿ ಹೇಳಬೇಕಾದರೆ, ಅದಕ್ಕೆ ಮೂರು ವಾರ ಮುಂಚೆ, ಕುಟುಂಬದ ಕಂಪನಿಗಳನ್ನು ಕೊಳ್ಳುವ ಪ್ರಯತ್ನ ವಿಫಲವಾದಾಗಲೇ ಷೇರು ಒಮ್ಮೆ ದೊಡ್ಡದಾಗಿ ಕುಸಿದಿತ್ತು, ಗೆರೆಯನ್ನು ನೋಡಿ ಆಗಲೇ ಹೊರಬಂದವರು ಬದುಕಿಕೊಂಡರು. ಆದರೆ ಅದಕ್ಕೂ ಹಿಂದಿನ ವರ್ಷಗಳಲ್ಲಿ ಎಲ್ಲವೂ ಬೆಲೆಯಲ್ಲಿ ಸೇರಿಹೋಗಿದೆ ಎಂಬ ನಂಬಿಕೆಯ ಗತಿ ಏನಾಯಿತು? ಬೆಲೆಯಲ್ಲಿ ಸೇರಿದ್ದದ್ದು ಸುಳ್ಳು ಲೆಕ್ಕ.

ನಾಣ್ಯ ಬರೆದ ನಕ್ಷೆ

1959ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ಹ್ಯಾರಿ ರಾಬರ್ಟ್ಸ್ ಒಂದು ಕುತೂಹಲದ ಪ್ರಯೋಗ ಮಾಡಿದರು. ಯಾದೃಚ್ಛಿಕವಾಗಿ ಆರಿಸಿದ ಅಂಕಿಗಳನ್ನು ಒಂದಕ್ಕೊಂದು ಕೂಡಿಸುತ್ತ ನಕ್ಷೆ ಬರೆದರು. ಅದು ಅಚ್ಚು ಷೇರಿನ ನಕ್ಷೆಯಂತೆಯೇ ಕಂಡಿತು. ತಲೆ, ಭುಜಗಳೂ ಅದರಲ್ಲಿ ಮೂಡಿದ್ದವು! ನೀವೂ ಮನೆಯಲ್ಲಿ ಮಕ್ಕಳೊಂದಿಗೆ ಇದನ್ನು ಮಾಡಿ ನೋಡಬಹುದು. ನಾಣ್ಯವನ್ನು ನೂರು ಸಲ ಚಿಮ್ಮಿ, ಶಿರ ಬಿದ್ದರೆ ಒಂದು ಚೌಕ ಮೇಲಕ್ಕೆ, ಪುಚ್ಛ ಬಿದ್ದರೆ ಒಂದು ಚೌಕ ಕೆಳಕ್ಕೆ ಗೆರೆ ಎಳೆಯಿರಿ. ಬೆಟ್ಟ, ಕಣಿವೆ, ಆಸರೆ ಮಟ್ಟ, ತಡೆ ಮಟ್ಟ ಎಲ್ಲವೂ ಅಲ್ಲಿ ಕಾಣುತ್ತವೆ. ನಾಣ್ಯಕ್ಕೆ ಹಿಂದಿನದು ನೆನಪಿಲ್ಲ. ಆಕಾರವನ್ನು ಕಾಣುವುದು ನಮ್ಮ ಕಣ್ಣು.

ಹಾಗೆಂದು ವಿಷಯ ಮುಗಿಯಿತೆನ್ನಲಾಗದು. ಹ್ಯಾಮಿಲ್ಟನ್ನರ ಭವಿಷ್ಯವಾಣಿಗಳನ್ನು 1933ರಲ್ಲಿ ಆಲ್ಫ್ರೆಡ್ ಕೌಲ್ಸ್ ಪರೀಕ್ಷಿಸಿ, ಅವುಗಳನ್ನು ಪಾಲಿಸಿದವನಿಗೆ ವರ್ಷಕ್ಕೆ ಶೇಕಡ 12, ಸುಮ್ಮನೆ ಷೇರು ಹಿಡಿದು ಕೂತವನಿಗೆ ಶೇಕಡ 15.5 ದೊರೆಯುತ್ತಿತ್ತೆಂದು ತೋರಿಸಿದರು. ಆದರೆ ಹೊತ್ತ ಅಪಾಯವನ್ನೂ ಲೆಕ್ಕಕ್ಕೆ ಹಿಡಿದರೆ ಹ್ಯಾಮಿಲ್ಟನ್ ಅಷ್ಟು ಸೋತವರಲ್ಲವೆಂದು 1998ರಲ್ಲಿ ಬೇರೆ ವಿದ್ವಾಂಸರು ವಾದಿಸಿದರು. 2000ದಲ್ಲಿ ಆಂಡ್ರ್ಯೂ ಲೋ ಮತ್ತು ಸಂಗಡಿಗರು 1962ರಿಂದ 1996ರವರೆಗಿನ ಅಮೆರಿಕದ ಬೆಲೆಗಳನ್ನು ಕಂಪ್ಯೂಟರಿನಿಂದ ಶೋಧಿಸಿ, ಕೆಲವು ಆಕಾರಗಳಲ್ಲಿ, ವಿಶೇಷವಾಗಿ ನಾಸ್ಡಾಕ್ ಷೇರುಗಳಲ್ಲಿ, ಅಷ್ಟಿಷ್ಟು ಮಾಹಿತಿ ಅಡಗಿದೆಯೆಂದು ಕಂಡುಕೊಂಡರು. ಮಾಹಿತಿ ಇರುವುದು ಬೇರೆ, ದಲ್ಲಾಳಿಯ ಶುಲ್ಕ, ತೆರಿಗೆ ಎಲ್ಲ ಕಳೆದು ಲಾಭ ಉಳಿಯುವುದು ಬೇರೆ ಎಂಬುದನ್ನು ಮಾತ್ರ ನೆನಪಿಡಬೇಕು.

ಮಾರಿಕಣಿವೆಯ ಪಾಠ

ನಮ್ಮ ಜಿಲ್ಲೆಯ ಉದಾಹರಣೆಯೊಂದನ್ನು ಕೊಟ್ಟರೆ ಇದು ಇನ್ನಷ್ಟು ಸ್ಪಷ್ಟವಾದೀತು. ಹಿರಿಯೂರು ತಾಲ್ಲೂಕಿನಲ್ಲಿ ವೇದಾವತಿಗೆ ಅಡ್ಡಲಾಗಿ ಕಟ್ಟಿದ ವಾಣಿವಿಲಾಸ ಸಾಗರ 1907ರಲ್ಲಿ ಪೂರ್ಣಗೊಂಡಿತು. ಅದು 1933ರಲ್ಲಿ ಕೋಡಿ ಬಿದ್ದಿತು. ಆಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷಗಳ ಅನಂತರ! ನಡುವಿನ ವರ್ಷಗಳ ನೀರಿನ ಮಟ್ಟವನ್ನು ಗ್ರಾಫ್ ಹಾಳೆಯಲ್ಲಿ ಬರೆದಿದ್ದರೆ, ಈ ಜಲಾಶಯ ಇನ್ನು ತುಂಬದು ಎಂದೇ ಯಾರಾದರೂ ಹೇಳುತ್ತಿದ್ದರು. ಅದನ್ನು ತುಂಬಿಸಿದ್ದು ಗೆರೆಯ ಆಕಾರವಲ್ಲ. ಮೇಲ್ಭಾಗದಲ್ಲಿ ಸುರಿದ ಮಳೆ ಮತ್ತು ಕಾಲುವೆಯಲ್ಲಿ ಬಂದ ಭದ್ರೆಯ ನೀರು. 2025ರ ಜನವರಿಯಲ್ಲಿ ಅದು ಮತ್ತೆ ತುಂಬಿ ಹರಿಯಿತು. ನೀರಿನ ಮಟ್ಟ ನೋಡಿದವನಿಗೆ ಇಂದು ಎಷ್ಟಿದೆಯೆಂದು ತಿಳಿಯುತ್ತದೆ. ಮೋಡ ಮತ್ತು ಕಾಲುವೆಯನ್ನು ನೋಡಿದವನಿಗೆ ನಾಳೆಯ ಸುಳಿವು ಸಿಗುತ್ತದೆ. ಷೇರಿನಲ್ಲಿ ಬೆಲೆಯ ನಕ್ಷೆ ನೀರಿನ ಮಟ್ಟ. ಕಂಪನಿಗೆ ಬರುವ ಕೆಲಸ, ಆದಾಯ, ಸಾಲ, ನಡೆಸುವವರ ಪ್ರಾಮಾಣಿಕತೆ ಇವು ಮೋಡ ಮತ್ತು ಕಾಲುವೆ.

ಕೊನೆಯ ಮಾತು

ನಾನಿದನ್ನು ಬರೆಯಲು ಕಾರಣ ಕೇವಲ ಚರಿತ್ರೆಯ ಮೋಹವಲ್ಲ. ಷೇರನ್ನೇ ಕೊಳ್ಳದೆ ಅದರ ಮುಂದಿನ ಬೆಲೆಯ ಮೇಲೆ ಪಣ ಕಟ್ಟುವ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಹಿವಾಟು ಈಗ ಹಳ್ಳಿಹಳ್ಳಿಗೂ ತಲುಪಿದೆ. ನಕ್ಷೆಯ ಪಾಠ ಹೇಳುವವರು ಬಹುಮಟ್ಟಿಗೆ ಕರೆದೊಯ್ಯುವುದು ಅಲ್ಲಿಗೇ. ಸೆಬಿ 2024ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2022ರ ಮಾರ್ಚಿಗೆ ಮುಗಿದ ವರ್ಷದಿಂದ 2024ರ ಮಾರ್ಚಿಗೆ ಮುಗಿದ ವರ್ಷದವರೆಗಿನ ಮೂರು ವರ್ಷಗಳಲ್ಲಿ ಅಲ್ಲಿ ವ್ಯವಹರಿಸಿದ ಸಾಮಾನ್ಯ ಜನರಲ್ಲಿ ಶೇಕಡ 93 ಮಂದಿ ನಷ್ಟ ಹೊಂದಿದರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ತರಗತಿಯಲ್ಲಿ ನೂರಕ್ಕೆ 93 ಮಂದಿ ಅನುತ್ತೀರ್ಣರಾದರೆ ದೋಷ ವಿದ್ಯಾರ್ಥಿಗಳದೆನ್ನುವಿರೋ, ಪರೀಕ್ಷೆಯದೆನ್ನುವಿರೋ?

ಆದ್ದರಿಂದ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಇಷ್ಟೇ ವಿನಂತಿ. ನಕ್ಷೆಯನ್ನು ಓದುವುದನ್ನು ಕಲಿಯಿರಿ. ಅದು ಕಳೆದ ದಾರಿಯ ಸತ್ಯವಾದ ದಾಖಲೆ, ನಿಧಾನದ ಇಳಿತದಲ್ಲಿ ಎಚ್ಚರಿಸುವ ಗೆಳೆಯ. ಆದರೆ ನಾಳಿನ ದೊಡ್ಡ ಜಿಗಿತವನ್ನು ಹೇಳೆಂದು ಅದನ್ನು ಕೇಳಬೇಡಿ. ಫಲಿತಾಂಶದ ದಿನದ ಮುಂಚೆ ಆಕಾರವನ್ನು ನಂಬಿ ಸಾಲದ ಹಣ ಹೂಡಬೇಡಿ. ಮಗಳ ಮದುವೆಯ ಹಣ, ಬಿತ್ತನೆಯ ಹಣ, ಕೊಳವೆಬಾವಿಯ ಹಣ ಇವು ಪಣಕ್ಕಿಡುವ ಹಣವಲ್ಲ. ಕೊಳ್ಳುವುದಾದರೆ ಕಂಪನಿಯ ವಾರ್ಷಿಕ ವರದಿಯನ್ನು, ನೀವು ಪರೀಕ್ಷೆಗೆ ಓದುತ್ತಿದ್ದಷ್ಟೇ ಶ್ರದ್ಧೆಯಿಂದ ಓದಿ, ಕಳೆದುಕೊಂಡರೂ ಮನೆ ನಡೆಯುವಷ್ಟನ್ನೇ ಹೂಡಿ, ವರ್ಷಗಟ್ಟಲೆ ಕಾಯುವ ತಾಳ್ಮೆಯಿಂದ ಕೊಳ್ಳಿ. ಗ್ರಾಫ್ ಹಾಳೆಯ ಬಲಬದಿಯಲ್ಲಿ ಇನ್ನೂ ಗೆರೆ ಎಳೆಯದ ಖಾಲಿ ಜಾಗ ಯಾವಾಗಲೂ ಇದ್ದೇ ಇರುತ್ತದೆ. ಅದು ಖಾಲಿ ಎಂಬುದನ್ನು ಒಪ್ಪಿಕೊಳ್ಳುವುದೇ ವಿವೇಕ.